ಮರದ ಮಾಡಿನ ಕೆಳಗೆ ಉಪಗ್ರಹ

2018ರ ಆಗಸ್ಟ್‌ನಲ್ಲಿ ಕೊಡಗಿನ ಮುಕ್ಕೋಡ್ಲು ಕಡೆ ಗುಡ್ಡ ಜರಿದಾಗ, ಚಿಕ್ಕಪ್ಪನ ಮನೆಯವರು ಜೀವಂತ ಇದ್ದಾರೆ ಅನ್ನುವ ಸುದ್ದಿ ನಮಗೆ ಮುಟ್ಟಿದ್ದು ಮೂರನೇ ದಿನ. ಕರೆಂಟ್ ಹೋಗಿತ್ತು, ಟವರಿನ ಬ್ಯಾಟರಿ ಬತ್ತಿತ್ತು, ಜನರೇಟರಿಗೆ ಡೀಸೆಲ್ ಒಯ್ಯಲು ರಸ್ತೆಯೇ ಇರಲಿಲ್ಲ. ಆಮೇಲೊಂದು ದಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಚಿಕ್ಕಪ್ಪ ಕೇಳಿದರು: “ಹಾಸನದಲ್ಲಿ ಕೂತು ಉಪಗ್ರಹ ನಡೆಸ್ತಾರಲ್ಲ, ಪಕ್ಕದ ಜಿಲ್ಲೆ. ‘ನಾವು ಇದ್ದೇವೆ’ ಅಂತ ಎರಡು ಪದ ಕಳಿಸೋಕೆ ಅದರಿಂದ ಆಗಲ್ವಾ?”

ನಾನಾಗ ಎಂ.ಟೆಕ್.ಗೆ ಸೇರಿದ ಹೊಸತು. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೆ. ಪ್ರಶ್ನೆಯನ್ನು ಹಾಗೇ ಒಯ್ದು ಗೈಡ್ ಮುಂದೆ ಇಟ್ಟೆ. “ಆಗುತ್ತೆ, ಮರ ಅಡ್ಡ ಬರದಿದ್ರೆ” ಅಂದರು. “ನಿಮ್ಮೂರಲ್ಲಿ ಮರ ಅಡ್ಡ ಬರದ ಜಾಗ ಎಷ್ಟಿದೆ?” ನನ್ನ ಎರಡು ವರ್ಷದ ಕೆಲಸ ಆ ಪ್ರಶ್ನೆಯಲ್ಲೇ ಇತ್ತು. ಅದಕ್ಕೆ ಪುಸ್ತಕದ ಹೆಸರು ಮೊಬೈಲ್ ಉಪಗ್ರಹ ಸಂಪರ್ಕದ ಚಾನೆಲ್ ಮಾಡೆಲಿಂಗ್.

ಉಪಗ್ರಹದಿಂದ ಹೊರಟ ಸಿಗ್ನಲ್ ನಮ್ಮ ಆಂಟೆನಾ ಸೇರುವ ತನಕ ದಾರಿಯಲ್ಲಿ ಏನೇನು ಅನುಭವಿಸುತ್ತದೋ ಅದೆಲ್ಲ ಸೇರಿ ಚಾನೆಲ್. ಭೂಸ್ಥಿರ ಉಪಗ್ರಹ (ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವಂಥದ್ದು) ಇರುವುದು ಸುಮಾರು 36,000 ಕಿ.ಮೀ. ಮೇಲೆ. ಎಲ್ ಬ್ಯಾಂಡಿನಲ್ಲಿ (1-2 ಗಿಗಾಹರ್ಟ್ಜ್‌ನ ರೇಡಿಯೊ ತರಂಗ) ಅಷ್ಟು ದೂರಕ್ಕೆ ಸಿಗ್ನಲ್ ಕಳೆದುಕೊಳ್ಳುವುದು 187 ಡೆಸಿಬೆಲ್‌ನಷ್ಟು. ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ ಪ್ರತಿ ಹತ್ತಕ್ಕೂ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಕೇಳಿದರೆ ಹೆದರಿಕೆಯಾಗುತ್ತದೆ, ಆದರೆ ಲೆಕ್ಕ ಒಂದೇ ಸಾಲಿನದು, ಉತ್ತರ ಎಲ್ಲಿ ನಿಂತರೂ ಹೆಚ್ಚುಕಡಿಮೆ ಅದೇ. ನನ್ನನ್ನು ಸತಾಯಿಸಿದ್ದು ಕೊನೆಯ ಇಪ್ಪತ್ತು ಮೀಟರು. ಅಂದರೆ ಸಿಲ್ವರ್ ಓಕಿನ ತುದಿಯಿಂದ ಜೀಪಿನ ಮಾಡಿನ ತನಕ. ಅಲ್ಲಿ ಸಿಗ್ನಲ್ ಹೇಗೆ ಏರಿಳಿಯುತ್ತದೆ ಅನ್ನುವುದಕ್ಕೆ ಒಂದು ಅಂಕಿಅಂಶದ ಸೂತ್ರ ಬೇಕು. ಅದು ಸಿಕ್ಕರೆ, ಮೋಡೆಮ್ ಮಾಡುವವನು ಬೆಂಗಳೂರಿನ ಲ್ಯಾಬಿನಲ್ಲಿ ಕೂತೇ ಕೊಡಗಿನ ರಸ್ತೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಬಹುದು.

ಮೊದಲ ಮೂರು ತಿಂಗಳು ಓದು. ಕೆನಡಾದ ಚುನ್ ಲೂ 1985ರಲ್ಲಿ ಕೊಟ್ಟ ಮಾದರಿ ಇವತ್ತಿಗೂ ಎಲ್ಲರೂ ಮೊದಲು ಕಲಿಯುವಂಥದ್ದು. ತೋಟದವರಿಗೆ ಅದನ್ನು ವಿವರಿಸುವುದು ಬಲು ಸುಲಭ. ನೆರಳು ಮರದ ಕೆಳಗೆ ನಿಂತರೆ ಎರಡು ಬಗೆಯ ಬೆಳಕು ಬೀಳುತ್ತದೆ. ಎಲೆಯ ಸಂದಿಯಿಂದ ನೇರ ಇಳಿಯುವ ಬಿಸಿಲು ಒಂದು. ಸುತ್ತಲ ಎಲೆ, ಕಾಂಡ, ನೆಲಕ್ಕೆಲ್ಲ ತಾಗಿ ಚದುರಿ ಬರುವ ಮಂಕು ಬೆಳಕು ಇನ್ನೊಂದು. ಲೂ ಹೇಳಿದ್ದೂ ಇಷ್ಟೇ: ನೇರ ಬರುವ ಸಿಗ್ನಲ್ ಎಲೆಯ ನೆರಳಿನಲ್ಲಿ ನಿಧಾನಕ್ಕೆ ಹೆಚ್ಚುಕಡಿಮೆಯಾಗುತ್ತದೆ, ಅದನ್ನು ಡೆಸಿಬೆಲ್‌ನಲ್ಲಿ ಬರೆದರೆ ಗಂಟೆಯಾಕಾರದ ವಕ್ರರೇಖೆ ಸಿಗುತ್ತದೆ. ಚದುರಿ ಬರುವ ಸಿಗ್ನಲ್ ಅದರ ಮೇಲೆ ವೇಗವಾಗಿ ಕುಣಿಯುತ್ತದೆ, ಆ ಕುಣಿತದ ಅಂಕಿಅಂಶಕ್ಕೆ ರೇಲಿ ಹಂಚಿಕೆ ಅಂತ ಹೆಸರು. ಒಟ್ಟು ಮೂರು ಸಂಖ್ಯೆ ಸಾಕು. ನೇರ ಸಿಗ್ನಲ್ಲಿನ ಸರಾಸರಿ, ಅದರ ಏರಿಳಿತ, ಚದುರಿದ್ದರ ಶಕ್ತಿ. 1991ರಲ್ಲಿ ಜರ್ಮನಿಯ ಲುಟ್ಜ್ ಮತ್ತು ಸಂಗಡಿಗರು ಚಾನೆಲ್ಲಿಗೆ ‘ಒಳ್ಳೆಯದು’, ‘ಕೆಟ್ಟದು’ ಎಂಬ ಎರಡು ಸ್ಥಿತಿ ಕೊಟ್ಟರು. ವಾಹನ ಓಡಿದಂತೆ ಒಂದರಿಂದ ಇನ್ನೊಂದಕ್ಕೆ ಜಿಗಿತ. 2001ರಲ್ಲಿ ಸ್ಪೇನಿನ ಫಾಂಟಾನ್ ತಂಡ ಅದನ್ನು ಮೂರಕ್ಕೆ ಏರಿಸಿತು: ಬಯಲು, ಅರೆ ನೆರಳು, ದಟ್ಟ ನೆರಳು. ಪ್ರತಿ ಸ್ಥಿತಿಯ ಒಳಗೂ ಲೂನ ಮೂರು ಸಂಖ್ಯೆಗಳು.

ಇವರೆಲ್ಲ ಅಳೆದ ಊರುಗಳನ್ನು ನೋಡುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಲುಟ್ಜ್ ಅಳತೆಗಳಲ್ಲಿ ಉಪಗ್ರಹ ದಿಗಂತದಿಂದ 13ರಿಂದ 43 ಡಿಗ್ರಿ ಎತ್ತರದಲ್ಲಿತ್ತು. ಯುರೋಪಿನಿಂದ ಭೂಸ್ಥಿರ ಉಪಗ್ರಹ ಅಷ್ಟು ತಗ್ಗಿನಲ್ಲೇ ಕಾಣುವುದು. ಮಡಿಕೇರಿಯಿಂದ ಲೆಕ್ಕ ಹಾಕಿದೆ. 83 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹ ನಮಗೆ 73 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ! 55 ಡಿಗ್ರಿ ಪೂರ್ವದ್ದು 62 ಡಿಗ್ರಿ ಎತ್ತರದಲ್ಲಿ, ಮುಂಗಾರು ಬರುವ ದಿಕ್ಕಿನಲ್ಲಿ. ಗುಡ್ಡ ಅಡ್ಡ ಬರುವ ಮಾತೇ ಇಲ್ಲ. ಅಮೆರಿಕದ ಮೇರಿಲ್ಯಾಂಡ್ ರಸ್ತೆಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ ಗೋಲ್ಡ್‌ಹರ್ಷ್ ಮತ್ತು ವೋಗೆಲ್ ಕಟ್ಟಿದ ಸೂತ್ರವೊಂದಿದೆ. ರಸ್ತೆಬದಿ ಮರದ ನೆರಳಿಗೆಂದೇ ಮಾಡಿದ್ದು, ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಲ್ಲೂ ಸೇರಿದೆ. ಅದಕ್ಕೆ 20 ಡಿಗ್ರಿ ಕೊಟ್ಟರೆ, ದಾರಿಯ ಶೇ. 10 ಭಾಗದಲ್ಲಿ ಸಿಗ್ನಲ್ 15 ಡಿಬಿಗಿಂತ ಹೆಚ್ಚು ಕುಸಿಯುತ್ತದೆ ಅನ್ನುತ್ತದೆ. 60 ಡಿಗ್ರಿ ಕೊಟ್ಟರೆ ಬರೇ ಮೂರೂವರೆ ಡಿಬಿ. ನನಗೆ ಖುಷಿಯೋ ಖುಷಿ. ಚಿಕ್ಕಪ್ಪನಿಗೆ ಫೋನ್ ಮಾಡಿ, “ನಮ್ಮ ಊರು ಉಪಗ್ರಹಕ್ಕೆ ಹೇಳಿ ಮಾಡಿಸಿದ ಹಾಗಿದೆ” ಅಂತಲೂ ಹೇಳಿಬಿಟ್ಟೆ.

ಅಳೆಯುವುದಕ್ಕೆ ಆಕಾಶದಲ್ಲೊಂದು ದೀಪ ಬೇಕಲ್ಲ. ಸ್ಯಾಟಲೈಟ್ ಫೋನಿಗೆ ಪರವಾನಗಿಯಿಲ್ಲದೆ ಕೈಹಾಕುವಂತಿಲ್ಲ. ಕಾಲೇಜಿನಲ್ಲಿ ಅದಕ್ಕೆಲ್ಲ ಅರ್ಜಿ ಹಾಕಿ ಕಾಯುತ್ತಾ ಕೂತರೆ ಡಿಗ್ರಿ ಮುಗಿಯುತ್ತದೆ. ಕೈಹಿಡಿದದ್ದು ಗಗನ್. ವಿಮಾನಗಳ ಜಿಪಿಎಸ್ ಸ್ಥಾನವನ್ನು ತಿದ್ದಿಕೊಡಲು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸುವ ವ್ಯವಸ್ಥೆ ಅದು. ಜಿಸ್ಯಾಟ್-8 ಮತ್ತು ಜಿಸ್ಯಾಟ್-10 ಎಂಬ ಎರಡು ಭೂಸ್ಥಿರ ಉಪಗ್ರಹಗಳು ಆಗ ಹಗಲುರಾತ್ರಿ 1575.42 ಮೆಗಾಹರ್ಟ್ಜ್‌ನಲ್ಲಿ, ಜಿಪಿಎಸ್ ಭಾಷೆಯಲ್ಲೇ ಆ ತಿದ್ದುಪಡಿಯನ್ನು ಪ್ರಸಾರ ಮಾಡುತ್ತಿದ್ದವು. ಒಂದು 55 ಡಿಗ್ರಿಯಲ್ಲಿ, ಇನ್ನೊಂದು 83ರಲ್ಲಿ. ಅಗ್ಗದ ಜಿಪಿಎಸ್ ಮಾಡ್ಯೂಲಿನ ಪಟ್ಟಿಯಲ್ಲಿ 40 ಮತ್ತು 41 ಅಂತ ಕಾಣಿಸುವ ಆ ಎರಡು ಸಾಲುಗಳನ್ನು ಯಾರೂ ಗಮನಿಸುವುದಿಲ್ಲ. ನನಗೆ ಅವು ಕದಲದ ಎರಡು ನಕ್ಷತ್ರಗಳಾದವು. ಪುಕ್ಕಟೆ, ಪರವಾನಗಿ ಬೇಡ, ಕೇಳಿಸಿಕೊಂಡರಾಯಿತು.

ಜೀಪಿಗೆ ಇರುವುದು ಕ್ಯಾನ್ವಾಸ್ ಮಾಡು. ಪ್ಯಾಚ್ ಆಂಟೆನಾದ (ಚಪ್ಪಟೆ ಬಿಲ್ಲೆಯಂಥ ಆಂಟೆನಾ) ಕೆಳಗೆ ಲೋಹ ಇಲ್ಲದಿದ್ದರೆ ಅದು ನೆಲದ ಪ್ರತಿಫಲನವನ್ನೂ ಎಳೆದುಕೊಳ್ಳುತ್ತದೆ. ಅಡುಗೆಮನೆಯಿಂದ ಊಟದ ಸ್ಟೀಲ್ ತಟ್ಟೆಯೊಂದು ಜೀಪಿನ ತಲೆಗೇರಿತು. (ಅಮ್ಮ ಅದನ್ನು ಎರಡು ವಾರ ಹುಡುಕಿದರು. ಸಿಕ್ಕಿದಾಗ ಆದ ಮಾತುಕತೆ ಇಲ್ಲಿ ಬೇಡ.) ಉಪಗ್ರಹದ ಶಕ್ತಿಯೇ ಏರಿಳಿದರೆ ಗೊತ್ತಾಗಲಿ ಅಂತ ಎರಡನೇ ಆಂಟೆನಾವನ್ನು ಕಾಫಿ ಕಣದ ನಡುವೆ ಮಣೆಯ ಮೇಲಿಟ್ಟೆ. 2019ರ ಫೆಬ್ರವರಿ. ಕಣದಲ್ಲಿ ರೋಬಸ್ಟಾ ಹರಡಿತ್ತು. ಅದನ್ನು ಮಗುಚಲು ಬಂದವರು ಮಣೆಯನ್ನೂ ಎತ್ತಿ ಬದಿಗಿಟ್ಟರು ಅನ್ನುವುದು ಸಂಜೆ ಲಾಗ್ ತೆರೆದಾಗ ಗೊತ್ತಾಯಿತು.

ಮಡಿಕೇರಿಯಿಂದ ಚೆಟ್ಟಳ್ಳಿ ಮೇಲೆ ಸಿದ್ದಾಪುರದ ರಸ್ತೆ ನನ್ನ ಪ್ರಯೋಗಶಾಲೆ. ಬಯಲಿನ ಹೋಲಿಕೆಗೆ ಕುಶಾಲನಗರದಾಚೆಯ ಹೆಬ್ಬಾಲೆ ಕಡೆಯ ಗದ್ದೆ ರಸ್ತೆ. ಮೊದಲ ವಾರದ ಗ್ರಾಫು ನೋಡಿ ಗೈಡ್ ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. “ಇದು ಮಜ್ಜಿಗೆಯಲ್ಲ, ನೀರು” ಅಂದರು. ಮಾಡ್ಯೂಲ್ ಸೆಕೆಂಡಿಗೊಂದು ಅಳತೆ ಕೊಡುತ್ತದೆ, ಅದನ್ನೂ ಒಳಗೇ ಸರಾಸರಿ ಮಾಡಿ ಕೊಡುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಜೀಪು ಒಂದು ಸೆಕೆಂಡಿನಲ್ಲಿ ಐದೂವರೆ ಮೀಟರ್ ಸಾಗಿರುತ್ತದೆ. ತರಂಗದ ಉದ್ದ 19 ಸೆ.ಮೀ. ಅಂದರೆ ಇಪ್ಪತ್ತೊಂಬತ್ತು ತರಂಗದ ದೂರ. ಅಷ್ಟರಲ್ಲಿ ಸಿಗ್ನಲ್ ಎಷ್ಟೋ ಸಲ ಕುಣಿದು ಮುಗಿಸಿರುತ್ತದೆ. ನಾನು ಅಳೆದದ್ದು ನೆರಳನ್ನು ಮಾತ್ರ, ಕುಣಿತವನ್ನಲ್ಲ.

ಹಾಗಾಗಿ ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೊ) ಡಾಂಗಲ್ ಕೊಂಡೆ, ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರೇಡಿಯೊ. ಅದು ಸಿಗ್ನಲ್ಲನ್ನು ಅರ್ಥ ಮಾಡಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಆಂಟೆನಾದಲ್ಲಿ ಬಂದದ್ದನ್ನೆಲ್ಲ ಹಸಿಹಸಿಯಾಗಿ ಡಿಸ್ಕಿಗೆ ಸುರಿಯುತ್ತದೆ, ಗಂಟೆಗೆ ಸುಮಾರು 15 ಜಿಬಿ. ರಾತ್ರಿ ಮನೆಯಲ್ಲಿ ಸಾಫ್ಟ್‌ವೇರ್ ರಿಸೀವರ್ ಆ ರಾಶಿಯೊಳಗಿಂದ ಗಗನ್ ಸಂಕೇತವನ್ನು ಎರಡೆರಡು ಮಿಲಿಸೆಕೆಂಡಿನ ತುಂಡಾಗಿ ಹೆಕ್ಕುತ್ತದೆ. ಒಂದು ಸೆಂಟಿಮೀಟರಿಗೊಂದು ಅಳತೆ ಸಿಕ್ಕಿದಂತಾಯಿತು. ಆದರೆ ಹೊಸ ತಲೆನೋವು: ದಟ್ಟ ನೆರಳಿಗೆ ನುಗ್ಗಿದ ಕೂಡಲೇ ರಿಸೀವರ್ ಹಿಡಿತ ತಪ್ಪಿ ಸುಮ್ಮನಾಗುತ್ತಿತ್ತು. ನನಗೆ ಬೇಕಾಗಿದ್ದದ್ದೇ ಆ ಸೆಕೆಂಡುಗಳು! ಹಿಡಿತ ತಪ್ಪಿದ ಭಾಗಗಳನ್ನು ತೆಗೆದುಹಾಕಿ ಮಾದರಿ ಕಟ್ಟಿದರೆ, ಆಸ್ಪತ್ರೆಗೆ ಬಂದವರನ್ನೆಲ್ಲ ಬಿಟ್ಟು ಊರಿನ ಆರೋಗ್ಯದ ಲೆಕ್ಕ ಬರೆದ ಹಾಗೆ.

ಈ ಒಂದು ತೊಡಕಿಗೆ ಎರಡು ತಿಂಗಳು ಹೋಯಿತು. ಕೊನೆಗೆ ದಾರಿ ಸಿಕ್ಕಿದ್ದು ಫೈಲು ಕೈಯಲ್ಲೇ ಇದೆ ಅನ್ನುವುದರಿಂದ. ಹಿಡಿತ ತಪ್ಪುವ ಮೊದಲು ಸಂಕೇತ ಎಲ್ಲಿತ್ತು, ಮತ್ತೆ ಸಿಕ್ಕಿದಾಗ ಎಲ್ಲಿತ್ತು, ಎರಡೂ ಗೊತ್ತು. ನಡುವೆ ಜೀಪು ಎಷ್ಟು ಓಡಿತು ಅನ್ನುವುದನ್ನು ಉಳಿದ ಜಿಪಿಎಸ್ ಉಪಗ್ರಹಗಳು ಹೇಳುತ್ತವೆ. ಇವುಗಳಿಂದ ಸಂಕೇತ ಇರಬೇಕಾದ ಜಾಗವನ್ನು ಊಹಿಸಿ, ರಿಸೀವರ್ ಒಪ್ಪಲಿ ಬಿಡಲಿ, ಅಲ್ಲೇ ಅಳೆದೆ. ಕಣ್ಣುಕಟ್ಟಿಕೊಂಡು ಪರಿಚಿತ ಮೆಟ್ಟಿಲು ಇಳಿದಂತೆ. ಆದರೂ ಸುಮಾರು 15 ಡಿಬಿಗಿಂತ ಆಳದ ಕುಸಿತ ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು. ನನ್ನ ವರದಿಯಲ್ಲಿ ದಟ್ಟ ನೆರಳಿನ ತಳ ಚಪ್ಪಟೆಯಾಗಿರುವುದಕ್ಕೆ ಅದೇ ಕಾರಣ. ಅದನ್ನು ಹಾಗೇ ಬರೆದಿದ್ದೇನೆ, ಮುಚ್ಚಿಟ್ಟಿಲ್ಲ.

ಆನೆಯ ಪ್ರಸಂಗವೂ ಇದೇ ಕಾಲದ್ದು. ಸಿದ್ದಾಪುರಕ್ಕೆ ಇನ್ನೇನು ಹತ್ತಿರ, ಎದುರಿನ ತಿರುವಿನಲ್ಲಿ ಒಂದು ಹೆಣ್ಣಾನೆ, ಮರಿ. ಹಲಸಿನ ಮರದ ಕೆಳಗೆ ಎಂಜಿನ್ ಆಫ್ ಮಾಡಿ ಉಸಿರು ಬಿಗಿಹಿಡಿದು ಕೂತೆವು, ಹತ್ತು ನಿಮಿಷಕ್ಕೂ ಮೇಲೆ. ಡಾಂಗಲ್ಲಿಗೆ ಆನೆಯೆಂದರೆ ಏನು ಗೊತ್ತು, ಅದು ರೆಕಾರ್ಡ್ ಮಾಡುತ್ತಲೇ ಇತ್ತು. ಯಾವ ಕುಸಿತ ಎಷ್ಟು ಸಲ ಬಂತೆಂದು ತೋರಿಸುವ ಆ ದಿನದ ಹಿಸ್ಟೋಗ್ರಾಮಿನಲ್ಲಿ 9 ಡಿಬಿಯ ಬಳಿ ವಿಚಿತ್ರ ಗುಡ್ಡವೊಂದು ಎದ್ದಿತ್ತು. ನಾನು ಅದಕ್ಕೊಂದು ಹೊಸ ಸ್ಥಿತಿಯನ್ನೇ ಸೇರಿಸಲು ಹೊರಟಿದ್ದೆ. ಮರದ ನೆರಳೆಂಬುದು ಜಾಗದ ಗುಣ, ಹೊತ್ತಿನದಲ್ಲ. ನಿಂತಲ್ಲೇ ಹತ್ತು ನಿಮಿಷ ಅಳೆದರೆ ಒಂದೇ ಹಲಸಿನ ಮರವನ್ನು ಸಾವಿರಾರು ಸಲ ಎಣಿಸಿದಂತೆ. ಅಲ್ಲಿಂದ ಎಲ್ಲ ಅಳತೆಯನ್ನೂ ಗಡಿಯಾರದ ಬದಲು ಮೀಟರಿನ ಮೇಲೆ ಜೋಡಿಸತೊಡಗಿದೆ. ಗುಡ್ಡ ಮಾಯವಾಯಿತು.

ಏಪ್ರಿಲ್ ಹೊತ್ತಿಗೆ ಒಟ್ಟು ಚಿತ್ರ ಸಿಕ್ಕಿತು, ನನ್ನ ಖುಷಿ ಇಳಿಯಿತು. ಹೆಬ್ಬಾಲೆ ರಸ್ತೆ ಸೂತ್ರದ ಜೊತೆ ಜಗಳವಾಡಲಿಲ್ಲ. ಅಲ್ಲೊಂದು ಇಲ್ಲೊಂದು ಮರ, ನೆತ್ತಿಯ ಮೇಲೆ ಉಪಗ್ರಹ, ಸಣ್ಣಪುಟ್ಟ ಕುಸಿತ. ಚೆಟ್ಟಳ್ಳಿ ರಸ್ತೆಯಲ್ಲಿ ಸೂತ್ರ ಹೇಳಿದ ಮೂರೂವರೆ ಡಿಬಿಯ ಜಾಗದಲ್ಲಿ ನನಗೆ ಸಿಕ್ಕಿದ್ದು ಹತ್ತಕ್ಕೂ ಮೇಲೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ, ಕೇಬಲ್ ಬದಲಿಸಿದೆ, ತಟ್ಟೆಯನ್ನೂ ಬದಲಿಸಿದೆ. ಆಮೇಲೊಂದು ಮಧ್ಯಾಹ್ನ ಜೀಪಿನ ಬಾನೆಟ್ಟಿನ ಮೇಲೆ ಮಲಗಿ ಸುಮ್ಮನೆ ಮೇಲೆ ನೋಡಿದೆ. ಆಕಾಶ ಕಾಣಲಿಲ್ಲ.

ಮೇರಿಲ್ಯಾಂಡಿನಲ್ಲಿ ಮರ ಇರುವುದು ರಸ್ತೆಯ ಪಕ್ಕದಲ್ಲಿ. ಉಪಗ್ರಹ ಮೇಲೇರಿದಂತೆ ನೋಟ ಮರದ ತಲೆಯ ಮೇಲಿಂದ ಹಾದುಹೋಗುತ್ತದೆ, ನೆರಳು ಕಡಿಮೆಯಾಗುತ್ತದೆ. ನಮ್ಮಲ್ಲಿ ಮರ ಇರುವುದು ರಸ್ತೆಯ ಮೇಲೆ. ಎರಡೂ ಬದಿಯ ತೋಟದ ಸಿಲ್ವರ್ ಓಕು, ಹಲಸು, ಅತ್ತಿ, ನಂದಿ ಕೈ ಕೈ ಹಿಡಿದು ಮಾಡು ಹಾಕಿವೆ, ಕಾಳುಮೆಣಸಿನ ಬಳ್ಳಿ ಬೇರೆ. ಮಾಡಿಗೆ 62 ಡಿಗ್ರಿಯೂ ಒಂದೇ, 73 ಡಿಗ್ರಿಯೂ ಒಂದೇ. ಎಲೆಯೊಳಗಿನ ದಾರಿಯ ಉದ್ದದಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಎರಡೂ ಉಪಗ್ರಹದ ಗ್ರಾಫುಗಳು ಅಣ್ಣತಮ್ಮಂದಿರ ಹಾಗೆ ಇದ್ದದ್ದೇಕೆ ಅನ್ನುವುದೂ ಆಗ ತಿಳಿಯಿತು. ಸೂತ್ರ ಸುಳ್ಳಲ್ಲ. ಅದು ನೆರಳಿನಲ್ಲಿ ಕಾಫಿ ಬೆಳೆಯುವ ಊರನ್ನು ನೋಡಿರಲಿಲ್ಲ, ಅಷ್ಟೆ.

ಮಳೆಗಾಲದ ಅಳತೆ ಬಾಕಿ ಇತ್ತು. ಕೊಡಗಿನಲ್ಲಿ ಯಾರನ್ನು ಕೇಳಿದರೂ ಮಳೆ ಬಂದರೆ ಡಿಶ್ ಟಿವಿ ನಿಲ್ಲುತ್ತದೆ ಅನ್ನುತ್ತಾರೆ, ನಿಜವೇ. ಅದು ಕೆಯು ಬ್ಯಾಂಡ್, 11-12 ಗಿಗಾಹರ್ಟ್ಜ್, ಅಲ್ಲಿ ಮಳೆಹನಿಯೇ ಶತ್ರು. ನನ್ನ ಎಲ್ ಬ್ಯಾಂಡಿನಲ್ಲಿ ಎಂಥ ಜಡಿಮಳೆಯೂ ಒಂದು ಡಿಬಿಯ ಹತ್ತನೇ ಒಂದು ಪಾಲನ್ನೂ ಕದಿಯಲಾರದು. ಆದರೆ ಒದ್ದೆ ಎಲೆ ಒಣ ಎಲೆಗಿಂತ ಹೆಚ್ಚು ನುಂಗುತ್ತದೆ, ಅದನ್ನು ತೋರಿಸುವುದು ನನ್ನ ಗುರಿ. ಜುಲೈಯಲ್ಲಿ, ತಟ್ಟೆಗೆ ಪ್ಲಾಸ್ಟಿಕ್ ಹೊದಿಸಿ, ಅದೇ ರಸ್ತೆ, ಅದೇ ವೇಗ. ಫಲಿತಾಂಶ ತಿರುಗಾಮುರುಗಾ! ಫೆಬ್ರವರಿಯ ಒಣ ಎಲೆಗಿಂತ ಜುಲೈಯ ಒದ್ದೆ ಎಲೆಯಲ್ಲಿ ಸಿಗ್ನಲ್ ಚೆನ್ನಾಗಿತ್ತು. ಮೂರು ದಿನ ತಲೆ ಕೆರೆದುಕೊಂಡೆ. ಒದ್ದೆ ಎಲೆ ಅಲೆಗಳನ್ನು ಹಾಯಿಸುತ್ತದೆ ಅನ್ನುವ ಅರ್ಥದ ಒಂದು ಪ್ಯಾರಾವನ್ನೂ ಬರೆದಿಟ್ಟೆ, ಈಗ ನೆನೆದರೆ ಮೈ ಬೆವರುತ್ತದೆ.

ಬಿಡಿಸಿದ್ದು ಅಪ್ಪ, ಊಟ ಮಾಡುತ್ತಾ. “ಮೇ ತಿಂಗಳಲ್ಲಿ ಮರ ಕಪಾತು ಆಯ್ತಲ್ಲ?” ಅಂದರು. ಮಳೆಗೆ ಮುಂಚೆ ನೆರಳು ತೆಳುಮಾಡದಿದ್ದರೆ ಕಾಫಿ ಕೊಳೆಯುತ್ತದೆ. ರಸ್ತೆಯುದ್ದಕ್ಕೂ ಎಲ್ಲ ತೋಟದವರೂ ಅದೇ ಹೊತ್ತಿನಲ್ಲಿ ಕೊಂಬೆ ಇಳಿಸಿದ್ದರು. ನಾನು ಮಳೆಯನ್ನು ಅಳೆಯಲು ಹೋಗಿ ಕತ್ತಿಯನ್ನು ಅಳೆದು ಬಂದಿದ್ದೆ. ಹುಟ್ಟಿದಾಗಿನಿಂದ ಕಂಡ ಕೆಲಸ, ಲ್ಯಾಪ್‌ಟಾಪ್ ಮುಂದೆ ಕೂತಾಗ ಹೊಳೆಯಲೇ ಇಲ್ಲ. ಕೊನೆಗೆ ಕಪಾತು ಆಗದ ಒಂದು ದೇವರಕಾಡಿನ ಅಂಚಿನ ರಸ್ತೆಯನ್ನು ಹಿಡಿದು, ಮಳೆ ನಿಂತು ಬಿಸಿಲು ಬಂದ ದಿನವೂ ಮಳೆಯ ದಿನವೂ ಓಡಿಸಿ, ಒದ್ದೆ ಎಲೆಯ ಲೆಕ್ಕವನ್ನು ಬೇರೆ ಮಾಡಿದೆ. ಒಂದೆರಡು ಡಿಬಿಯ ಮಾತು, ಕಪಾತಿನ ಮುಂದೆ ಏನೂ ಅಲ್ಲ. ಹೀಗಾಗಿ ನನ್ನ ಮಾದರಿಗೆ ಎರಡು ಕೋಷ್ಟಕ: ಕಪಾತಿಗೆ ಮುಂಚೆ, ಕಪಾತಿನ ನಂತರ. ಪರೀಕ್ಷಕರೊಬ್ಬರು ‘ಕಪಾತು’ ಅನ್ನುವುದು ಯಾವ ಗಣಿತದ ಪದ ಅಂತ ಕೇಳಿದರು.

ಸ್ಥಿತಿಯಿಂದ ಸ್ಥಿತಿಗೆ ಜಿಗಿಯುವ ಭಾಗದಲ್ಲಿ ಫಾಂಟಾನ್ ರೀತಿಯ ಮಾರ್ಕೋವ್ ಸರಪಳಿಯನ್ನೇ ಮೊದಲು ಹಾಕಿದೆ, ಅಂದರೆ ಮುಂದಿನ ಸ್ಥಿತಿಯನ್ನು ಈಗಿನ ಸ್ಥಿತಿಯೊಂದರಿಂದಲೇ ಊಹಿಸುವ ಲೆಕ್ಕ. ಅದಕ್ಕೆ ನೆನಪಿಲ್ಲ. ನೆರಳಿನೊಳಗೆ ಎಷ್ಟು ದೂರ ಬಂದಿದ್ದೇವೆ ಅನ್ನುವುದರ ಮೇಲೆ ಇನ್ನೆಷ್ಟು ಉಳಿದಿದೆ ಅನ್ನುವುದು ನಿಲ್ಲುವುದಿಲ್ಲ. ಕಾಡಿಗೆ ಅದು ಒಪ್ಪಬಹುದು. ತೋಟದ ಬೇಲಿಗೆ ಸಾಲಾಗಿ ನೆಟ್ಟ ಸಿಲ್ವರ್ ಓಕಿಗೆ ಅಳತೆಯುಂಟು, ನೆಟ್ಟವನ ಹಗ್ಗದ ಅಳತೆ. ಹಾಗಾಗಿ ಪ್ರತಿ ಸ್ಥಿತಿ ಎಷ್ಟು ಮೀಟರ್ ಉಳಿಯುತ್ತದೆ ಅನ್ನುವುದನ್ನು ನೇರವಾಗಿ ಅಳತೆಯಿಂದಲೇ ತೆಗೆದು ಸರಪಳಿಗೆ ಕೊಟ್ಟೆ.

ಆಮೇಲೆ ಚಿಕ್ಕಪ್ಪನ ಎರಡು ಪದವನ್ನು ಆ ಮಾದರಿಯೊಳಗೆ ಕಳಿಸಿ ನೋಡಿದೆ. ಓಡುತ್ತಿರುವ ಜೀಪಿನಲ್ಲಿ ಕಿರು ಸಂದೇಶವನ್ನು ಕೆಲವು ಸೆಕೆಂಡಿನ ಅಂತರದಲ್ಲಿ ಮೂರ್ನಾಲ್ಕು ಸಲ ಕಳಿಸಿದರೆ ಯಾವುದಾದರೂ ಒಂದು ಎಲೆಯ ಸಂದಿಯಲ್ಲಿ ದಾಟಿಹೋಗುತ್ತದೆ. ನಿಂತವನಿಗೆ ಆ ಭಾಗ್ಯವಿಲ್ಲ. ದಟ್ಟ ನೆರಳಿನಲ್ಲಿ ನಿಂತು ನೂರು ಸಲ ಕಳಿಸಿದರೂ ನೂರೂ ಅಲ್ಲೇ. ಇದನ್ನು ಚಿಕ್ಕಪ್ಪನಿಗೆ ಸಾಕಷ್ಟು ಗಂಭೀರವಾಗಿ ವಿವರಿಸಿದೆ. “ಕಣಕ್ಕೆ ಹೋಗಿ ನಿಂತರಾಯ್ತು, ಅಷ್ಟೇ ತಾನೆ?” ಅಂದರು. ಅಷ್ಟೇ.

2020ರ ಜನವರಿಯಲ್ಲಿ ಅವರ ಮನೆಯ ಕಡೆಯ ರಸ್ತೆಯಲ್ಲೂ ಒಮ್ಮೆ ಓಡಿಸಿದೆ. ಗ್ರಾಫಿನಲ್ಲಿ ಎಂದಿನ ಹಾಗೆ ಏರಿಳಿತ, ಏರಿಳಿತ, ನಡುವೆ ಇದ್ದಕ್ಕಿದ್ದಂತೆ ಇನ್ನೂರು ಮೀಟರಿನಷ್ಟು ಗೆರೆ ಎಳೆದ ಹಾಗೆ ನೇರ, ಮತ್ತೆ ಏರಿಳಿತ. ಗೈಡ್ ಪೆನ್ಸಿಲಿನಿಂದ ಆ ಭಾಗಕ್ಕೆ ಸುತ್ತು ಹಾಕಿದರು. “ಇಲ್ಲಿ ರಿಸೀವರಿಗೆ ಏನಾಯ್ತು?”

“ಏನೂ ಆಗಿಲ್ಲ ಸರ್. ಅದು ಗುಡ್ಡ ಜರಿದ ಜಾಗ. ಮರ ಇಲ್ಲ.”

ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಆ ಇನ್ನೂರು ಮೀಟರನ್ನು ಬಯಲು ಸ್ಥಿತಿಯ ಲೆಕ್ಕಕ್ಕೆ ಸೇರಿಸಿದೆವು.